ಹೆಣ್ಣುಮಕ್ಕಳ ರಮ್ಯನಾಮಗಳು: ಒಂದು ವಿಮರ್ಶೆ

1

ಮನುಷ್ಯನಿಗೆ ಅವನ ಸಮ್ಮತಿಯನ್ನು ಕೇಳದೆಯೇ ಕೊಡಲಾಗುವ, ಕೊಟ್ಟಮೇಲೆ ಬಾಳಿನ ಕೊನೆಯವರೆಗೂ ಅವನು ಹೊರಬೇಕಾಗುವ ವಸ್ತುಗಳಲ್ಲಿ ಹೆಸರು ಮುಖ್ಯವಾದುದು. ಚರಿತ್ರಕಾರರು ಅರಸರ ಹೆಸರುಗಳನ್ನು ಕಾಲನಿರ್ಣಯಕ್ಕಾಗಿಯೂ ಊರುಗಳ ಹೆಸರುಗಳನ್ನು ಜನವಸತಿಯ ಇತಿಹಾಸಕ್ಕಾಗಿಯೂ ಬಳಸಿಕೊಂಡಿದ್ದಾರೆ. ಹೆಣ್ಣುಮಕ್ಕಳ ಹೆಸರುಗಳಾದರೋ ಬಹುಮಟ್ಟಿಗೆ ವಂಶಾವಳಿಯ ಅಂಚಿನಲ್ಲಿಯೇ ಉಳಿದುಹೋಗಿವೆ. ಆದರೆ ಒಂದು ಸಮಾಜವು ತನ್ನ ಹೆಣ್ಣುಮಕ್ಕಳನ್ನು ಯಾವ ಹೆಸರಿನಿಂದ ಕರೆಯಿತು ಎಂಬುದು, ಅದು ಅವರಿಂದ ಏನನ್ನು ಬಯಸಿತು ಎಂಬುದಕ್ಕೆ ತಕ್ಕಮಟ್ಟಿನ ಸಾಕ್ಷ್ಯವಾಗಬಲ್ಲುದು.

ಇಂದಿನ ಕಾಲೇಜು ತರಗತಿಗಳ ಹಾಜರಿ ಪುಸ್ತಕವನ್ನು ತೆರೆದವರಿಗೆ ಒಂದು ಸಂಗತಿ ತಾನಾಗಿಯೇ ಗೋಚರಿಸುತ್ತದೆ. ಸೀತಮ್ಮ, ಜಯಮ್ಮ, ಪುಟ್ಟಮ್ಮ, ನೀಲವ್ವ ಮೊದಲಾದ ಹೆಸರುಗಳು ಹಿಂದೆ ಸರಿದು, ಇಂಚರ, ಸಿಂಚನ, ಸ್ಪಂದನ, ಐಸಿರಿ, ಮೈರಾ ಎಂಬಂಥವು ಆ ಸ್ಥಾನವನ್ನು ಆಕ್ರಮಿಸಿವೆ. ದೇವತೆಯ ಸ್ಮರಣೆ, ಹಿರಿಯರ ಸ್ಮರಣೆ, ಹೊತ್ತ ಹರಕೆ ಇವುಗಳಲ್ಲಿ ಯಾವುದಕ್ಕೂ ಕಟ್ಟುಬೀಳದೆ, ಕಿವಿಗೆ ಇಂಪಾಗಿದೆ, ಮನಸ್ಸಿಗೆ ಒಂದು ಸುಂದರ ಚಿತ್ರವನ್ನು ತರುತ್ತದೆ, ನೆರೆಹೊರೆಯಲ್ಲಿ ಇನ್ನಾರಿಗೂ ಇಲ್ಲ ಎಂಬ ಕಾರಣಗಳಿಗಾಗಿ ಆರಿಸಿದ ಹೆಸರನ್ನು ನಾವು ಈ ಲೇಖನದಲ್ಲಿ ‘ರಮ್ಯನಾಮ’ವೆಂದು ಕರೆಯುತ್ತೇವೆ.

ಇಂತಹ ಹೆಸರುಗಳ ವಿಷಯದಲ್ಲಿ ವಿದ್ಯಾವಂತರಲ್ಲಿ ಎರಡು ಅಭಿಪ್ರಾಯಗಳುಂಟು. ಇದು ನಮ್ಮ ನಾಡಿಗೆ ಹೊಸತಾದ, ಚಲನಚಿತ್ರಗಳಿಂದಲೂ ಪಶ್ಚಿಮದ ಅನುಕರಣೆಯಿಂದಲೂ ಬಂದ ಮೋಹವೆಂದು ಕೆಲವರು ಹಳಿಯುತ್ತಾರೆ. ಹೆಣ್ಣುಮಗುವಿನ ಬೆಲೆ ಸಮಾಜದಲ್ಲಿ ಏರಿರುವುದಕ್ಕೆ ಇದೇ ಗುರುತೆಂದು ಮತ್ತೆ ಕೆಲವರು ಸಂತೋಷಪಡುತ್ತಾರೆ. ಮೊದಲನೆಯದು ಚರಿತ್ರೆಗೆ ವಿರುದ್ಧವಾದುದು, ಎರಡನೆಯದು ಅರ್ಧಸತ್ಯ. ಇದನ್ನು ತೋರಿಸಿ, ರಮ್ಯನಾಮವನ್ನು ಅಳೆಯಲು ಬೇರೊಂದು ಅಳತೆಗೋಲನ್ನು ಸೂಚಿಸುವುದೇ ಪ್ರಕೃತ ಲೇಖನದ ಉದ್ದೇಶ.

2

ಶಾಸ್ತ್ರಗ್ರಂಥಗಳಿಂದ ಆರಂಭಿಸುವುದು ಉಚಿತ. ಹೆಣ್ಣಿನ ಹೆಸರು ಬೆಸಸಂಖ್ಯೆಯ ಅಕ್ಷರಗಳಿಂದ ಕೂಡಿ ಆಕಾರಾಂತವಾಗಿರಬೇಕೆಂದು ಪಾರಸ್ಕರ ಗೃಹ್ಯಸೂತ್ರವು ವಿಧಿಸುತ್ತದೆ. ಮನುಸ್ಮೃತಿಯ ಎರಡನೆಯ ಅಧ್ಯಾಯವು ಇನ್ನೂ ಮುಂದೆ ಹೋಗಿ, ಸ್ತ್ರೀಯರ ಹೆಸರು ಸುಲಭವಾಗಿ ಉಚ್ಚರಿಸುವಂತಿರಬೇಕು, ಕ್ರೂರಾರ್ಥವನ್ನು ಸೂಚಿಸಬಾರದು, ಅರ್ಥ ಸ್ಪಷ್ಟವಾಗಿರಬೇಕು, ಮನೋಹರವೂ ಮಂಗಳಕರವೂ ಆಗಿರಬೇಕು, ದೀರ್ಘಸ್ವರದಲ್ಲಿ ಕೊನೆಗಾಣಬೇಕು ಎನ್ನುತ್ತದೆ. ಇಷ್ಟನ್ನೇ ಓದಿದವರು, ರಮ್ಯನಾಮಕ್ಕೆ ಶಾಸ್ತ್ರದ ಆಶೀರ್ವಾದ ದೊರೆತಿದೆಯೆಂದು ಭಾವಿಸಿದರೆ ಆಶ್ಚರ್ಯವಿಲ್ಲ.

ಆದರೆ ಅದೇ ಗ್ರಂಥದ ಮೂರನೆಯ ಅಧ್ಯಾಯದಲ್ಲಿ, ವರಿಸಲು ಯೋಗ್ಯಳಲ್ಲದ ಕನ್ಯೆಯ ಲಕ್ಷಣಗಳನ್ನು ಹೇಳುವಾಗ, ನಕ್ಷತ್ರದ ಹೆಸರು, ಮರದ ಹೆಸರು, ನದಿಯ ಹೆಸರು, ಬೆಟ್ಟದ ಹೆಸರು, ಹಕ್ಕಿಯ ಹೆಸರು, ಹಾವಿನ ಹೆಸರು, ಭಯವನ್ನುಂಟುಮಾಡುವ ಹೆಸರು ಇವುಗಳುಳ್ಳವಳನ್ನು ಬಿಡಬೇಕೆಂದು ಹೇಳಿದೆ. ವಾತ್ಸ್ಯಾಯನನ ಕಾಮಸೂತ್ರವೂ ಕನ್ಯಾವರಣದ ಪ್ರಕರಣದಲ್ಲಿ ನಕ್ಷತ್ರ, ನದಿ, ವೃಕ್ಷಗಳ ಹೆಸರುಗಳನ್ನು ಇದೇ ರೀತಿ ನಿಷೇಧಿಸುತ್ತದೆ. ಹೆಸರು ಮನೋಹರವಾಗಿರಬೇಕು, ಆದರೆ ಮನಸ್ಸನ್ನು ಮೊದಲು ಸೆಳೆಯುವ ಪ್ರಕೃತಿಯ ವಸ್ತುಗಳಿಂದ ಅದನ್ನು ಆಯ್ದುಕೊಳ್ಳಕೂಡದು! ಈ ವಿರೋಧಕ್ಕೆ ಪರಿಹಾರವನ್ನು ಭರತನ ನಾಟ್ಯಶಾಸ್ತ್ರದಲ್ಲಿ ಹುಡುಕಬಹುದೆಂದು ನಮಗೆ ತೋರುತ್ತದೆ. ರೂಪಕದ ಪಾತ್ರಗಳಿಗೆ ಹೆಸರಿಡುವ ಕ್ರಮವನ್ನು ಹೇಳುತ್ತ ಭರತನು, ರಾಣಿಯರಿಗೆ ವಿಜಯವನ್ನು ಸೂಚಿಸುವ ಹೆಸರುಗಳನ್ನೂ, ಗಣಿಕೆಯರಿಗೆ ದತ್ತಾ, ಮಿತ್ರಾ, ಸೇನಾ ಎಂದು ಕೊನೆಗಾಣುವ ಹೆಸರುಗಳನ್ನೂ, ಪರಿಚಾರಿಕೆಯರಿಗೆ ಹೂವುಗಳ ಹೆಸರುಗಳನ್ನೂ ಗೊತ್ತುಮಾಡಿದ್ದಾನೆ. ಮೃಚ್ಛಕಟಿಕದ ವಸಂತಸೇನೆಯ ಹೆಸರು ಈ ವಿಧಿಗೆ ಒಪ್ಪುವಂತಿದೆ.

ಇದರಿಂದ ಏನು ತಿಳಿಯುತ್ತದೆ? ಶಾಸ್ತ್ರಕಾರರ ದೃಷ್ಟಿಯಲ್ಲಿ ಹೂವಿನ ಹೆಸರು, ವಸಂತದ ಹೆಸರು ರಂಗಕ್ಕೂ ಸೇವೆಗೂ ವಿಲಾಸಕ್ಕೂ ಸೇರಿದುದಾಗಿದ್ದು, ಗೃಹಿಣಿಯ ಹೆಸರು ಬೇರೆಯಾಗಿರಬೇಕಾಗಿತ್ತು. ರಮ್ಯನಾಮವು ನಮ್ಮಲ್ಲಿ ಇರಲಿಲ್ಲವೆಂಬುದು ಸರಿಯಲ್ಲ. ಅದು ಎಲ್ಲಿರಬೇಕೆಂಬುದನ್ನು ನಿಯಮಿಸಲಾಗಿತ್ತು.

ಜನರು ಈ ನಿಯಮವನ್ನು ಎಷ್ಟರಮಟ್ಟಿಗೆ ಪಾಲಿಸಿದರು ಎಂಬುದು ಬೇರೆ ಪ್ರಶ್ನೆ. ರೋಹಿಣಿ, ರೇವತಿ ಎಂಬ ನಕ್ಷತ್ರನಾಮಗಳೂ, ಗಂಗಾ, ತುಂಗಾ, ಶರಾವತಿ, ಹೇಮಾವತಿ ಎಂಬ ನದಿನಾಮಗಳೂ ಕನ್ನಡನಾಡಿನ ಮನೆಮನೆಗಳಲ್ಲಿ ಸಂಚರಿಸಿವೆ. ಕೊಡಗಿನವರಿಗೆ ಕಾವೇರಿಯೆಂಬುದು ನದಿಯೂ ಹೌದು, ಕುಲದೇವತೆಯೂ ಹೌದು, ಮನೆಯ ಮಗಳೂ ಹೌದು. ಶಕುಂತ ಪಕ್ಷಿಗಳಿಂದ ರಕ್ಷಿತಳಾದುದರಿಂದ ಆ ಹೆಸರನ್ನು ಪಡೆದ ಶಕುಂತಲೆಯು ಹಕ್ಕಿಯ ಹೆಸರಿನ ನಿಷೇಧಕ್ಕೆ ಒಳಗಾಗಬೇಕಾಗಿದ್ದವಳು. ಅವಳ ಮಗನೇ ಭರತ. ಗ್ರಂಥದ ವಿಧಿಯನ್ನು ಸಮಾಜದ ವಾಸ್ತವಸ್ಥಿತಿಯೆಂದು ತಿಳಿಯುವ ತಪ್ಪಿಗೆ ನಾವು ಎಡೆಗೊಡಬಾರದು. ವಾಸ್ತವಸ್ಥಿತಿಗೆ ಸಮೀಪವಾದ ಸಾಕ್ಷ್ಯವೆಂದರೆ ಶಾಸನಗಳು.

3

ಬಾದಾಮಿ ಚಾಲುಕ್ಯರ ಅರಸನಾದ ವಿಜಯಾದಿತ್ಯನ (696–733) ಪ್ರಾಣವಲ್ಲಭೆಯೊಬ್ಬಳು ಮಹಾಕೂಟದಲ್ಲಿ ದಾನಗಳನ್ನು ಮಾಡಿದುದನ್ನು ಅಲ್ಲಿಯ ಕನ್ನಡ ಶಾಸನವು ತಿಳಿಸುತ್ತದೆ. ಆಕೆ ಸೂಳೆಯೆಂದು ಶಾಸನವೇ ಸಂಕೋಚವಿಲ್ಲದೆ ಹೇಳುತ್ತದೆ. ಭರತನ ವಿಧಿಯಂತೆ ಅಲ್ಲೊಬ್ಬ ವಸಂತಸೇನೆಯನ್ನು ನಿರೀಕ್ಷಿಸಿದವರಿಗೆ ದೊರೆಯುವ ಹೆಸರು ವಿನಾಪೋಟಿ. ಆಕೆಯ ತಾಯಿ ಕುಚಿಪೋಟಿ. ತಾಯಿಯ ತಾಯಿ ರೇವಮಂಚಳ್. ಮೂರು ತಲೆಮಾರಿನ ಈ ಹೆಣ್ಣುಹೆಸರುಗಳಲ್ಲಿ ವಿಲಾಸದ ಲೇಪವಿಲ್ಲ. ಮನೆಯೊಳಗೆ ಕರೆದಂತೆಯೇ ಕಲ್ಲಿನ ಮೇಲೂ ಕರೆಯಲಾಗಿದೆ.

ಮುಂದಿನ ಶತಮಾನಗಳಲ್ಲಿ ಅಬ್ಬೆ, ಅಕ್ಕ, ಅವ್ವೆ ಎಂಬ ಅಂತ್ಯಗಳುಳ್ಳ ಹೆಸರುಗಳು ಹೇರಳವಾಗಿ ದೊರೆಯುತ್ತವೆ. ಪಂಪನ ತಾಯಿ ಅಬ್ಬಣಬ್ಬೆ. ರನ್ನನ ತಾಯಿ ಅಬ್ಬಲಬ್ಬೆ. ರಾಷ್ಟ್ರಕೂಟರ ಕಾಲದಲ್ಲಿ ನಾಗರಖಂಡವನ್ನು ಆಳಿದವಳು ಜಕ್ಕಿಯಬ್ಬೆ. ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳು ಅತ್ತಿಮಬ್ಬೆ. ಅಬ್ಬೆಯೆಂದರೆ ತಾಯಿ. ತೊಟ್ಟಿಲಲ್ಲಿ ಮಲಗಿರುವ ಕೂಸನ್ನು ‘ತಾಯಿ’ ಎಂದು ಕರೆಯುವ ಈ ಪದ್ಧತಿಯಲ್ಲಿ ಗೌರವವೂ ಉಂಟು. ಹೆಣ್ಣು ಮುಂದೆ ಏನಾಗಬೇಕೆಂಬ ನಿರ್ಣಯವೂ ಉಂಟು.

ಹೆಸರು ಇಷ್ಟು ಸರಳವಾಗಿದ್ದ ಕಾಲದಲ್ಲಿ ರಮ್ಯತೆ ಎಲ್ಲಿತ್ತು? ಅದು ಬಿರುದುಗಳಲ್ಲಿತ್ತು. ಈ ಅಂಶಕ್ಕೆ ಓದುಗರ ಗಮನವನ್ನು ವಿಶೇಷವಾಗಿ ಸೆಳೆಯಬಯಸುತ್ತೇವೆ. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ಸೋದರಿ, ಕಿಸುಕಾಡು ನಾಡನ್ನು ಆಳಿದವಳು, ಯುದ್ಧಗಳಲ್ಲಿ ಭಾಗವಹಿಸಿದವಳು. ಆಕೆಯ ಹೆಸರು ಬರಿಯ ಅಕ್ಕಾದೇವಿ. ಆದರೆ ಆಕೆಯ ಬಿರುದು ‘ಗುಣದ ಬೆಡಂಗಿ’. ಅತ್ತಿಮಬ್ಬೆಯೆಂಬ ನೆಲದ ಹೆಸರಿಗೆ ‘ದಾನಚಿಂತಾಮಣಿ’ ಎಂಬ ಬಿರುದು ಕೂಡಿಕೊಂಡಿತು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಗೆ ಇದ್ದ ಬಿರುದುಗಳಲ್ಲಿ ಒಂದು, ಸವತಿಯರೆಂಬ ಆನೆಗಳಿಗೆ ಮದಗಜವೆಂಬ ಅರ್ಥದ ‘ಸವತಿಗಂಧವಾರಣೆ’. ಆಕೆ ಶ್ರವಣಬೆಳಗೊಳದಲ್ಲಿ 1123ರಲ್ಲಿ ಕಟ್ಟಿಸಿದ ಬಸದಿ ಇಂದಿಗೂ ಈ ಬಿರುದಿನಿಂದಲೇ ಪ್ರಸಿದ್ಧವಾಗಿದೆ.

ಹೆಸರನ್ನು ಹಿರಿಯರು ಕೊಡುತ್ತಿದ್ದರು. ಬಿರುದನ್ನು ಆ ಹೆಣ್ಣು ತನ್ನ ನಡತೆಯಿಂದ, ದಾನದಿಂದ, ಆಡಳಿತದಿಂದ, ಕೆಲವೊಮ್ಮೆ ಅರಮನೆಯ ಪೈಪೋಟಿಯಿಂದ ಸಂಪಾದಿಸುತ್ತಿದ್ದಳು. ಬಿರುದುಗಳಲ್ಲಿ ಆಸ್ಥಾನದ ಅತಿಶಯೋಕ್ತಿ ಇರುವುದು ನಿಜ. ಆದರೂ ಬಿರುದಿನ ಹಿಂದೆ ಒಬ್ಬ ವ್ಯಕ್ತಿ ಬಾಳಿದ ಬಾಳು ಇತ್ತು. ಇಂದಿನ ರಮ್ಯನಾಮವಾದರೋ ಬಿರುದನ್ನು ತೊಟ್ಟಿಲಿಗೇ ಮುಂಗಡವಾಗಿ ಕೊಟ್ಟಂತೆ. ‘ಅನುಪಮಾ’ ಎಂದರೆ ಹೋಲಿಕೆಯಿಲ್ಲದವಳು. ‘ಅದ್ವಿತೀಯಾ’ ಎಂದರೆ ಎರಡನೆಯವಳಿಲ್ಲದವಳು. ಹನ್ನೆರಡು ದಿನದ ಕೂಸು ಇವನ್ನು ಇನ್ನೂ ಸಂಪಾದಿಸಿಲ್ಲ. ಮುಂದೆ ಸಂಪಾದಿಸಬೇಕಾದ ಸಾಲವಾಗಿ ಅವು ಅದರ ತಲೆಯ ಮೇಲೆ ಕೂರುತ್ತವೆ.

ರನ್ನನು ತನ್ನ ಮಗಳಿಗೆ ಅತ್ತಿಮಬ್ಬೆಯ ಹೆಸರನ್ನಿಟ್ಟನೆಂಬುದು ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಕವಿಯಾದ ಅವನಿಗೆ ಲಲಿತಪದಗಳ ಕೊರತೆ ಇರಲಿಲ್ಲ. ಆದರೂ ಅವನು ಕೃತಜ್ಞತೆಯನ್ನು ಆರಿಸಿಕೊಂಡನು; ಮಗಳಿಗೆ ಒಂದು ಮಾದರಿಯನ್ನು ಕೊಟ್ಟನು. ಇಂದು ಕರ್ನಾಟಕ ಸರ್ಕಾರವು ಅತ್ತಿಮಬ್ಬೆಯ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿದೆ. ಪ್ರಶಸ್ತಿಗೆ ಇಟ್ಟ ಹೆಸರನ್ನು ಮಗಳಿಗೆ ಇಡಲು ಮಾತ್ರ ನಾವು ಹಿಂಜರಿಯುತ್ತೇವೆ. ಶಾಂತಲೆಯ ಹೆಸರು ಕೆ. ವಿ. ಅಯ್ಯರ್ ಅವರ ಕಾದಂಬರಿಯ ಮೂಲಕ ಸಾಮಾನ್ಯ ಓದುಗರ ಮನೆಯನ್ನು ಮುಟ್ಟಿತು. ಶಾಂತಲಾ ಎಂಬ ಹೆಸರಿನ ಹೆಣ್ಣುಮಕ್ಕಳು ಇಂದು ಅಪರೂಪವಲ್ಲ. ಆದರೆ 1131ರಲ್ಲಿ ಮಗಳು ಶಿವಗಂಗೆಯಲ್ಲಿ ಗತಿಸಿದಮೇಲೆ ಬೆಳಗೊಳಕ್ಕೆ ಹೋಗಿ ಸಲ್ಲೇಖನವ್ರತದಿಂದ ಪ್ರಾಣಬಿಟ್ಟ ಆಕೆಯ ತಾಯಿ ಮಾಚಿಕಬ್ಬೆಯ ಹೆಸರು ಕಲ್ಲಿನಲ್ಲಿಯೇ ಉಳಿಯಿತು. ನಾವು ಇತಿಹಾಸವನ್ನು ನೆನೆಯುವಾಗಲೂ ಕಿವಿಯ ಇಂಪನ್ನು ನೋಡಿಯೇ ನೆನೆಯುತ್ತೇವೆಂಬುದಕ್ಕೆ ಈ ತಾಯಿಮಕ್ಕಳೇ ನಿದರ್ಶನ.

4

ಶಾಸನದ ಹೆಸರು ಕಾವ್ಯದ ಹೆಸರಾಗಿ ಮಾರ್ಪಡುವ ಕ್ಷಣವನ್ನು ಹಿಡಿದು ತೋರಿಸಬಲ್ಲ ಉದಾಹರಣೆಯೊಂದು ಕನ್ನಡನಾಡಿನ ಇತಿಹಾಸದಲ್ಲಿಯೇ ಇದೆ. ಆರನೆಯ ವಿಕ್ರಮಾದಿತ್ಯನ (1076–1126) ರಾಣಿಯರಲ್ಲಿ ಕರಹಾಟದ ಶಿಲಾಹಾರ ವಂಶದವಳೊಬ್ಬಳು ಶಾಸನಗಳಲ್ಲಿ ಚಂದಲದೇವಿ. ಚಂದಲೆ, ಶಾಂತಲೆ, ಪದ್ಮಲೆ, ಬಮ್ಮಲೆ ಇವೆಲ್ಲ ಆ ಕಾಲದ ಅರಮನೆಗಳಲ್ಲಿ ರೂಢಿಯಲ್ಲಿದ್ದ ಒಂದೇ ಅಚ್ಚಿನ ಹೆಸರುಗಳು. ಕಾಶ್ಮೀರದಿಂದ ಬಂದು ಆ ಆಸ್ಥಾನದಲ್ಲಿ ವಿದ್ಯಾಪತಿಯಾಗಿದ್ದ ಬಿಲ್ಹಣನು ವಿಕ್ರಮಾಂಕದೇವಚರಿತದಲ್ಲಿ ಈಕೆಯ ಸ್ವಯಂವರವನ್ನು ವರ್ಣಿಸುವಾಗ ಆಕೆಯನ್ನು ಚಂದ್ರಲೇಖೆಯೆಂದು ಕರೆದನು. ಚಂದಲೆಯನ್ನು ಅವಳ ಮನೆಯವರು ಕರೆಯಬಹುದು. ಚಂದ್ರಲೇಖೆಯನ್ನು ನೋಡಬೇಕು, ವರ್ಣಿಸಬೇಕು. ಹೆಸರು ಬದಲಾದಾಗ ಹೆಣ್ಣು ಸಂಬೋಧನೆಯ ಪಾತ್ರದಿಂದ ವರ್ಣನೆಯ ವಸ್ತುವಿಗೆ ಸರಿದಳು.

ಕಾವ್ಯಲೋಕದಲ್ಲಿ ಇಂತಹ ಹೆಸರುಗಳ ರಾಜ್ಯವೆಂದರೆ ಬಾಣನ ಕಾದಂಬರಿ. ಮಹಾಶ್ವೇತೆ, ಪತ್ರಲೇಖೆ, ಮದಲೇಖೆ, ತರಲಿಕೆ, ವಿಲಾಸವತಿ, ಮನೋರಮೆ, ಹೀಗೆ ಅಲ್ಲಿ ರಾಣಿಯಿಂದ ಪರಿಚಾರಿಕೆಯವರೆಗೆ ಒಬ್ಬಳಿಗೂ ಸಾದಾ ಹೆಸರಿಲ್ಲ. ನಾಯಕಿಯ ಹೆಸರಿನ ಅರ್ಥ ಮದ್ಯ. ಆಕೆಯ ತಾಯಿ ಮದಿರೆಯ ಹೆಸರಿಗೂ ಅದೇ ಅರ್ಥ. ಮಂಗಳಕರವಾದ ಹೆಸರಿಡಬೇಕೆಂದ ಸ್ಮೃತಿಕಾರನಿಗೆ ಕವಿಯು ಕೊಟ್ಟ ಉತ್ತರದಂತೆ ಇದು ತೋರುತ್ತದೆ. ನಾಗವರ್ಮನು ಈ ಕಥೆಯನ್ನು ಕನ್ನಡಕ್ಕೆ ತಂದನು. ಶತಮಾನಗಳ ತರುವಾಯ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಆ ನಾಯಕಿಯ ಹೆಸರೇ ಒಂದು ಸಾಹಿತ್ಯಪ್ರಕಾರದ ಹೆಸರಾಯಿತು. ಹೆಣ್ಣೊಬ್ಬಳ ರಮ್ಯನಾಮವು ಇಷ್ಟು ದೂರ ಪ್ರಯಾಣ ಮಾಡಿದುದಕ್ಕೆ ಇನ್ನೊಂದು ನಿದರ್ಶನ ಸುಲಭವಾಗಿ ದೊರೆಯಲಾರದು. ಹನ್ನೆರಡನೆಯ ಶತಮಾನದ ನೇಮಿಚಂದ್ರನ ಲೀಲಾವತಿಯಲ್ಲಿ ನಾಯಕನಾದ ಕಂದರ್ಪನೂ ನಾಯಕಿಯೂ ಒಬ್ಬರನ್ನೊಬ್ಬರು ಮೊದಲು ಕಾಣುವುದು ಕನಸಿನಲ್ಲಿ. ರಮ್ಯನಾಮದ ಜನ್ಮಸ್ಥಾನವೂ ಬಹುಮಟ್ಟಿಗೆ ಅದೇ. ಬಹುಕಾಲ ಆ ಕನಸನ್ನು ಕಂಡವನು ಪುರುಷಕವಿ.

ಇದು ನಮ್ಮ ನಾಡಿನದಷ್ಟೇ ಅಲ್ಲ. ಇಂಗ್ಲೆಂಡಿನಲ್ಲಿ ಸ್ವಿಫ್ಟನು ಎಸ್ತರ್ ವ್ಯಾನೊಮ್ರಿ ಎಂಬ ಮಹಿಳೆಯ ಕುಲನಾಮದ ಮತ್ತು ಹೆಸರಿನ ತುಣುಕುಗಳನ್ನು ಕೂಡಿಸಿ ‘ವೆನೆಸಾ’ ಎಂಬ ಹೊಸ ಹೆಸರನ್ನು ಕಟ್ಟಿದನು. ಅದು ಮುಂದೆ ಅನೇಕ ಹೆಣ್ಣುಮಕ್ಕಳ ಹೆಸರಾಯಿತು. ಆದುದರಿಂದ, ಅಪೂರ್ವನಾಮದ ಮೋಹವನ್ನು ಪಶ್ಚಿಮದಿಂದ ಬಂದ ಹೊಸ ರೋಗವೆಂದು ಹಳಿಯುವವರು ಬಿಲ್ಹಣನನ್ನೂ ಬಾಣನನ್ನೂ ಮರೆತಿದ್ದಾರೆಂದೇ ಹೇಳಬೇಕು.

5

ಅರಮನೆಯಲ್ಲಿಯೂ ಕಾವ್ಯದಲ್ಲಿಯೂ ಇದ್ದ ರಮ್ಯನಾಮವು ಮಧ್ಯಮವರ್ಗದ ಮನೆಯನ್ನು ಪ್ರವೇಶಿಸಿದುದು ಮುದ್ರಿತ ಕಾದಂಬರಿಯ ಕಾಲದಲ್ಲಿ. ಇದರಲ್ಲಿ ಬಂಗಾಳದ ಪಾತ್ರ ದೊಡ್ಡದು. ಬಂಕಿಮಚಂದ್ರರ ದುರ್ಗೇಶನಂದಿನಿ 1865ರಲ್ಲಿ, ಕಪಾಲಕುಂಡಲಾ 1866ರಲ್ಲಿ, ಮೃಣಾಲಿನಿ 1869ರಲ್ಲಿ ಪ್ರಕಟವಾದುವು. ಮೂರು ಕೃತಿಗಳ ಶೀರ್ಷಿಕೆಯೂ ಹೆಣ್ಣನ್ನೇ ಸೂಚಿಸುತ್ತದೆ. ಬಂಕಿಮರ ಕಾದಂಬರಿಗಳು ಬಿ. ವೆಂಕಟಾಚಾರ್ಯರ ಅನುವಾದಗಳ ಮೂಲಕ ಕನ್ನಡಿಗರ ಕೈಸೇರಿದುವು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಗಳೂ ಇದೇ ದಾರಿಯಲ್ಲಿ ನಡೆದುವು: ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ (1899), ಬೋಳಾರ ಬಾಬುರಾಯರ ವಾಗ್ದೇವಿ (1905), ಕೆರೂರ ವಾಸುದೇವಾಚಾರ್ಯರ ಇಂದಿರಾ (1908).

ಬಂಕಿಮರ ಕಪಾಲಕುಂಡಲೆಯ ಹೆಸರಿನ ಕಥೆಯು ನಮ್ಮ ವಿಷಯಕ್ಕೆ ಅತ್ಯಂತ ಉಪಯುಕ್ತವಾದುದು. ಭವಭೂತಿಯ ಮಾಲತೀಮಾಧವದಲ್ಲಿ ಈ ಹೆಸರಿನವಳು ಭಯಂಕರಳಾದ ಕಾಪಾಲಿಕೆ. ಬಂಕಿಮರು ಅದನ್ನು ಕಡಲತೀರದ ಕಾಡಿನಲ್ಲಿ ಬೆಳೆದ ಮುಗ್ಧ ಹುಡುಗಿಗೆ ಕೊಟ್ಟರು. ನವಕುಮಾರನು ಆಕೆಯನ್ನು ಮದುವೆಯಾಗಿ ಮನೆಗೆ ಕರೆತಂದಾಗ ಆಕೆಗೆ ಮೃಣ್ಮಯಿ ಎಂಬ ಬೇರೆ ಹೆಸರಾಗುತ್ತದೆ. ಹೆಸರು ಬದಲಾದರೂ ಹುಡುಗಿ ಬದಲಾಗುವುದಿಲ್ಲ. ಆ ಮನೆಯಲ್ಲಿ ಆಕೆ ನೆಲೆನಿಲ್ಲುವುದಿಲ್ಲ. ಹೆಸರಿಡುವವರ ಅಧಿಕಾರಕ್ಕೆ ಒಂದು ಎಲ್ಲೆಯಿದೆಯೆಂಬುದನ್ನು ಕಾದಂಬರಿಕಾರರು ಇಲ್ಲಿ ಬಹು ಸೂಕ್ಷ್ಮವಾಗಿ ತೋರಿಸಿದ್ದಾರೆ.

ಕಥೆಯಲ್ಲಿ ನಡೆದುದು ಮನೆಗಳಲ್ಲಿಯೂ ನಡೆಯುತ್ತಿತ್ತು. 1883ರಲ್ಲಿ ರವೀಂದ್ರನಾಥ ಠಾಕೂರರ ಮನೆಗೆ ವಧುವಾಗಿ ಬಂದ ಬಾಲಿಕೆಯ ಹೆಸರು ಭವತಾರಿಣಿ. ಆ ಮನೆತನದ ರುಚಿಗೆ ಅದು ಹಳತೆನಿಸಿತೋ ಏನೋ, ಆಕೆ ಮೃಣಾಲಿನಿಯಾದಳು. ಎರಡನೆಯ ಹೆಸರು ಮೊದಲನೆಯದಕ್ಕಿಂತ ರಮ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ಪಡೆಯುವುದಕ್ಕಾಗಿ ಆಕೆ ತಾಯ್ತಂದೆಗಳು ಕರೆದ ಹೆಸರನ್ನು ಹೊಸಿಲಾಚೆ ಬಿಟ್ಟುಬರಬೇಕಾಯಿತು. ಮದುವೆಯಲ್ಲಿ ವಧುವಿಗೆ ಹೊಸ ಹೆಸರಿಡುವ ಪದ್ಧತಿ ಕರ್ನಾಟಕದ ಕರಾವಳಿಯ ಸಾರಸ್ವತರಲ್ಲಿಯೂ ಉತ್ತರಭಾಗದ ಕೆಲವು ಮನೆತನಗಳಲ್ಲಿಯೂ ಇದ್ದುದು ನಮ್ಮ ಓದುಗರಿಗೆ ತಿಳಿದ ವಿಷಯವೇ. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಒಂದು ಹೆಸರು! ರಮ್ಯನಾಮವು ಹೆಣ್ಣಿನ ಗೌರವದ ಗುರುತೆಂದು ಸಂತೋಷಪಡುವವರು ಈ ಹೊಸಿಲನ್ನು ಕುರಿತು ಯೋಚಿಸಬೇಕಾಗಿದೆ.

ಈ ಕಥೆ ತಿರುವು ಪಡೆಯುವುದು ಕನ್ನಡದ ಲೇಖಕಿಯರಲ್ಲಿ. ಕೊಡಗಿನ ಗೌರಮ್ಮನವರು (1912–1939) ಗಂಡನ ಹೆಸರಿನ ಹಿಂದೆ ನಿಂತು ‘ಮಿಸೆಸ್ ಬಿ. ಟಿ. ಜಿ. ಕೃಷ್ಣ’ ಎಂದು ಕಥೆಗಳಿಗೆ ಸಹಿಮಾಡಿದರು. ಆದರೆ ಬಿ. ಎನ್. ಸುಬ್ಬಮ್ಮನವರು ‘ವಾಣಿ’ಯಾದರು, ಅನಸೂಯಾ ಶಂಕರ್ ಅವರು ‘ತ್ರಿವೇಣಿ’ಯಾದರು, ವೆಂಕಟಲಕ್ಷ್ಮಿಯವರು ಅನುಪಮಾ ನಿರಂಜನರಾದರು. ಮೇಲೆ ನಾವು ತೊಟ್ಟಿಲಿನ ಸಾಲವೆಂದು ಕರೆದ ‘ಅನುಪಮಾ’ ಎಂಬ ಹೆಸರೇ ವಯಸ್ಕಳಾದ ಲೇಖಕಿಯ ಹೆಸರಾದಾಗ ಬಿರುದಿನ ಸ್ಥಾನಕ್ಕೆ ಮರಳುತ್ತದೆ. ‘ತ್ರಿವೇಣಿ’ ಎಂಬುದು ನದೀಸಂಗಮದ ಹೆಸರು. ಆ ಹೆಸರಿನಲ್ಲಿ ಬರೆದವರು ಶರಪಂಜರದ ನಾಯಕಿಗೂ ನದಿಯ ಹೆಸರನ್ನೇ ಇಟ್ಟರು. ಆದರೆ ಆ ಕಾವೇರಿ ಯಾರ ಕನಸಿನ ಚಿತ್ರವೂ ಅಲ್ಲ. ಬಾಣಂತಿತನದ ಮನೋರೋಗಕ್ಕೆ ಸಿಕ್ಕಿ, ಗುಣವಾಗಿ ಬಂದಮೇಲೆ ಮನೆಯವರ ಅಪನಂಬಿಕೆಯಿಂದ ಮತ್ತೆ ಜರ್ಜರಿತಳಾದ ಒಬ್ಬ ಗೃಹಿಣಿ. ರಮ್ಯನಾಮದೊಳಗೆ ನಿಜವಾದ ಹೆಣ್ಣೊಬ್ಬಳಿಗೆ ಇಲ್ಲಿ ಸ್ಥಳ ದೊರೆಯಿತು.

6

ಇಷ್ಟು ಹೇಳಿದುದರಿಂದ ನಾವು ಹಳೆಯ ಸಾದಾ ಹೆಸರುಗಳ ವಕೀಲರೆಂದು ಯಾರೂ ಭಾವಿಸಬಾರದು. ಸಾದಾ ಹೆಸರುಗಳಲ್ಲಿ ಮಮತೆಯೂ ಇತ್ತು, ಕ್ರೌರ್ಯವೂ ಇತ್ತು. ಎರಡನ್ನೂ ಬೇರ್ಪಡಿಸಿ ನೋಡಬೇಕು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಮ್ಮನೆಂದು ಕರೆಯುತ್ತಿದ್ದರು. ಹೆಸರು ಕೀಳಾಗಿದ್ದರೆ ಮೃತ್ಯುವಿನ ಕಣ್ಣು ಬೀಳದೆಂಬುದು ಅವರ ನಂಬಿಕೆ. ಕಿವಿಗೆ ಕಟುವಾದ ಈ ಹೆಸರಿನಲ್ಲಿ ತಾಯಿಯ ಪ್ರಾಣವೇ ಅಡಗಿದೆ. ಆದರೆ ಸಾಲಾಗಿ ಹೆಣ್ಣುಗಳು ಹುಟ್ಟಿದ ಮನೆಯಲ್ಲಿ ‘ಇನ್ನು ಸಾಕು’ ಎಂದು ಸಾಕಮ್ಮನೆಂದು ಹೆಸರಿಟ್ಟರೆ, ಅದರಲ್ಲಿ ಅಡಗಿರುವುದು ಮಮತೆಯಲ್ಲ.

ಹೊತ್ತವಳು ಹೆಸರನ್ನು ಗೆಲ್ಲಬಲ್ಲಳೆಂಬುದೂ ನಿಜವೇ. ಬೆಂಗಳೂರಿನಲ್ಲಿ ಕಾಫಿಪುಡಿಯ ಉದ್ಯಮವನ್ನು ಕಟ್ಟಿ, ಮೈಸೂರು ಮಹಾರಾಜರಿಂದ ‘ಲೋಕಸೇವಾಪರಾಯಣಿ’ ಎಂಬ ಬಿರುದನ್ನು ಪಡೆದ ಮಹಿಳೆಯ ಹೆಸರು ಸಾಕಮ್ಮ. ಅಕ್ಕಾದೇವಿಯ ಕಾಲದ ಕ್ರಮವು ಇಲ್ಲಿ ಮತ್ತೊಮ್ಮೆ ಕಾಣುತ್ತದೆ: ಸಾದಾ ಹೆಸರು, ಸಂಪಾದಿಸಿದ ಬಿರುದು. ಆದರೆ ಎಲ್ಲ ಸಾಕಮ್ಮನವರಿಗೂ ಈ ಅವಕಾಶ ದೊರೆಯಲಿಲ್ಲ.

ಜಾತಿಯ ಮಾತನ್ನೂ ಬಿಡುವಂತಿಲ್ಲ. ಶೂದ್ರನ ಹೆಸರು ಜುಗುಪ್ಸೆಯನ್ನು ಸೂಚಿಸಬೇಕೆಂದು ವಿಧಿಸಿದುದೂ ಅದೇ ಮನುಸ್ಮೃತಿಯೇ. ಹಳ್ಳಿಗಳಲ್ಲಿ ಒಡೆಯರ ಮನೆಯ ಹೆಣ್ಣಿಗೆ ‘ಅಮ್ಮ’ ಎಂಬ ಅಂತ್ಯವೂ, ದುಡಿಯುವವರ ಕೇರಿಯ ಹೆಣ್ಣಿಗೆ ಬರಿಯ ಇಕಾರವೂ ಸಲ್ಲುತ್ತಿದ್ದುವು: ಅಲ್ಲಿ ಹೊನ್ನಮ್ಮ, ಇಲ್ಲಿ ಹೊನ್ನಿ. ಕುವೆಂಪು ಅವರ ಮಲೆಗಳಲ್ಲಿ ಮದುಮಗಳು (1967) ಕಾದಂಬರಿಯಲ್ಲಿ ಒಬ್ಬಳು ಚಿನ್ನಮ್ಮ, ಇನ್ನೊಬ್ಬಳು ತಿಮ್ಮಿ. ಚಿನ್ನಮ್ಮ ಮುಕುಂದಯ್ಯರ ಪ್ರಣಯಕ್ಕೆ ಎಷ್ಟು ಗಾಂಭೀರ್ಯವಿದೆಯೋ ಗುತ್ತಿ ತಿಮ್ಮಿಯರ ಪ್ರಣಯಕ್ಕೂ ಅಷ್ಟೇ ಇದೆ. ತಿಮ್ಮಿ ಎಂಬ ಹೆಸರಿನವಳಿಗೂ ರಮ್ಯಕಥೆಯ ನಾಯಕಿಯಾಗುವ ಅಧಿಕಾರವುಂಟೆಂದು ಒಬ್ಬ ಮಹಾಕವಿ ತೋರಿಸಿಕೊಟ್ಟರು. ಇದನ್ನು ನೆನಪಿನಲ್ಲಿಟ್ಟು ನೋಡಿದರೆ, ತಿಮ್ಮಿಯ ಮೊಮ್ಮಗಳಿಗೆ ‘ಚಂದ್ರಲೇಖಾ’ ಎಂದು ಶಾಲೆಯ ದಾಖಲೆಯಲ್ಲಿ ಬರೆಯಿಸುವುದು ಬರಿಯ ಮೋಹವೆನಿಸದು. ಶತಮಾನಗಳ ಕಾಲ ನಿಷೇಧಿಸಲ್ಪಟ್ಟ ಒಂದು ಹಕ್ಕಿನ ಸ್ವೀಕಾರವದು.

ಈ ಮಾತಿಗೆ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ ನೆರೆಯ ಮಹಾರಾಷ್ಟ್ರದಿಂದ ಬಂದಿದೆ. ಸಾತಾರಾ ಜಿಲ್ಲೆಯಲ್ಲಿ ಬೇಡವಾದ ಹೆಣ್ಣುಮಕ್ಕಳಿಗೆ ‘ನಕುಶಾ’, ಎಂದರೆ ‘ಬೇಡವಾದವಳು’, ಎಂಬ ಹೆಸರಿಡುವ ರೂಢಿಯಿತ್ತು. 2011ರ ಅಕ್ಟೋಬರಿನಲ್ಲಿ ಅಲ್ಲಿಯ ಆಡಳಿತವು ಸಮಾರಂಭವೊಂದನ್ನು ಏರ್ಪಡಿಸಿ 285 ಹುಡುಗಿಯರಿಗೆ ಹೊಸ ಹೆಸರುಗಳನ್ನು ದಾಖಲಿಸಿಕೊಟ್ಟಿತು. ಚಲನಚಿತ್ರದ ನಟಿಯ ಹೆಸರನ್ನು ಆರಿಸಿಕೊಂಡವರೂ ಅವರಲ್ಲಿದ್ದರು. ಪಂಡಿತರಾದವರು ಇದನ್ನು ನೋಡಿ ನಗಬಹುದು. ಆದರೆ ಪ್ರತಿದಿನವೂ ಶಾಲೆಯಲ್ಲಿ ‘ಬೇಡವಾದವಳೇ’ ಎಂಬ ಕರೆಗೆ ಓಗೊಡಬೇಕಾಗಿದ್ದ ಹುಡುಗಿಗೆ, ‘ಐಶ್ವರ್ಯಾ’ ಎಂಬ ಹೆಸರು ನಟಿಯಿಂದ ಬಂದಿತೋ ನಿಘಂಟಿನಿಂದ ಬಂದಿತೋ ಎಂಬುದು ಗೌಣ. ಅವಳು ಅದನ್ನು ತಾನೇ ಆರಿಸಿದಳೆಂಬುದು ಮುಖ್ಯ.

7

ಹೀಗೆ ನೋಡಿದಾಗ, ರಮ್ಯನಾಮದ ಇತಿಹಾಸವೆಂದರೆ ಹೆಸರನ್ನು ಕೊಟ್ಟ ಕೈಗಳ ಇತಿಹಾಸವೇ ಆಗಿದೆಯೆಂದು ಹೇಳಬಹುದು. ಶಾಸ್ತ್ರಕಾರನು ಅದನ್ನು ನಿಯಮಿಸಿದನು. ಕವಿಯು ತನ್ನ ಆನಂದಕ್ಕಾಗಿ ಕಟ್ಟಿದನು. ಅತ್ತೆಯ ಮನೆಯವರು ತಮ್ಮ ರುಚಿಗಾಗಿ ಬದಲಾಯಿಸಿದರು. ಕೊನೆಗೆ ಹೆಣ್ಣೇ ಅದನ್ನು ಕೈಗೆ ತೆಗೆದುಕೊಂಡಳು. ಆದುದರಿಂದ ಒಂದು ಹೆಸರು ಅಪೂರ್ವವೋ ಸಾಮಾನ್ಯವೋ, ದೇಶೀಯವೋ ವಿದೇಶೀಯವೋ ಎಂಬುದು ಮೊದಲನೆಯ ಪ್ರಶ್ನೆಯಲ್ಲ. ಅದು ಯಾರ ಸಂತೋಷಕ್ಕಾಗಿ, ಅದರೊಳಗೆ ಹೊರುವವಳಿಗೆ ಎಷ್ಟು ಸ್ಥಳವಿದೆ ಎಂಬುದೇ ವಿಮರ್ಶೆಯ ಪ್ರಶ್ನೆಯಾಗಬೇಕು.

ಈ ಅಳತೆಗೋಲಿನಿಂದ ಇಂದಿನ ಹೆಸರುಗಳನ್ನು ನೋಡಿದರೆ ಎಲ್ಲವನ್ನೂ ಒಂದೇ ಮಾತಿನಲ್ಲಿ ತಳ್ಳಿಹಾಕಲಾಗದು. ‘ಇಂಚರ’ ಎಂಬುದು ಇನಿದಾದ ದನಿಯನ್ನು ಹೇಳುವ ಹಳೆಯ ಕನ್ನಡ ಮಾತು. ಕಾವ್ಯದಲ್ಲಿ ಕೋಗಿಲೆಗೆ ಸಲ್ಲುತ್ತಿದ್ದುದು ಈಗ ಮನೆಯ ಮಗಳಿಗೆ ಸಂದಿದೆ. ‘ಸಿರಿ’ ಎಂಬುದು ಶ್ರೀ ಶಬ್ದದ ತದ್ಭವ; ಅಷ್ಟೇ ಅಲ್ಲದೆ, ಪರಸ್ತ್ರೀಸಕ್ತನಾದ ಗಂಡನನ್ನು ತೊರೆದು ತನ್ನ ದಾರಿಯನ್ನು ತಾನೇ ಹಿಡಿದ ತುಳು ಪಾಡ್ದನದ ನಾಯಕಿಯ ಹೆಸರೂ ಹೌದು. ಎರಡಕ್ಷರದ ಆ ಹೆಸರಿನ ಹಿಂದೆ ಒಂದು ಇಡೀ ಬಾಳಿದೆ. ಇವು ಭಾಷೆಯ ಉಗ್ರಾಣದಿಂದ ಹೊರಬಂದ ಹೆಸರುಗಳು. ಇವುಗಳಿಗೆ ಸ್ವಾಗತವೇ ಸಲ್ಲಬೇಕು.

ಆಕ್ಷೇಪಿಸಬೇಕಾದುದು ಬೇರೊಂದು ಪ್ರವೃತ್ತಿಯನ್ನು. ಅಂಗಡಿಯಲ್ಲಿ ಕೊಂಡ ಹೆಸರಿನ ಪುಸ್ತಕದಲ್ಲಿ ಪ್ರತಿಯೊಂದು ಧ್ವನಿಗುಚ್ಛದ ಎದುರಿಗೂ ‘ದುರ್ಗೆ’, ‘ಲಕ್ಷ್ಮಿ’, ‘ಸುಂದರಿ’ ಎಂಬ ಅರ್ಥಗಳನ್ನು ಆಧಾರವಿಲ್ಲದೆ ಅಂಟಿಸಿರುತ್ತಾರೆ. ತಂದೆಯ ಹೆಸರಿನ ಒಂದಕ್ಷರವನ್ನೂ ತಾಯಿಯ ಹೆಸರಿನ ಒಂದಕ್ಷರವನ್ನೂ ಜೋಡಿಸಿ ಹುಟ್ಟಿಸಿದ ಪದಕ್ಕೆ ಸಂಸ್ಕೃತದ ವ್ಯುತ್ಪತ್ತಿಯನ್ನು ಆರೋಪಿಸುವುದೂ ಉಂಟು. ಅರ್ಥವಿಲ್ಲದ ಹೆಸರು ದೋಷವಲ್ಲ. ಇಲ್ಲದ ಅರ್ಥವನ್ನು ಇದೆಯೆಂದು ನಂಬಿಸುವುದು ದೋಷ. ಸ್ವಿಫ್ಟನ ವೆನೆಸಾ ಕೂಡ ಎರಡು ತುಣುಕುಗಳ ಜೋಡಣೆಯೇ. ಆದರೆ ಅದಕ್ಕೆ ಯಾರೂ ಪುರಾಣವನ್ನು ಕಟ್ಟಲಿಲ್ಲ. ಮಗಳು ಬೆಳೆದು ನಿಘಂಟನ್ನು ತೆರೆದು ತನ್ನ ಹೆಸರನ್ನು ಅಲ್ಲಿ ಕಾಣದೆ ಹೋದಾಗ, ಹೆತ್ತವರು ತನಗೆ ಮೊದಲು ಕೊಟ್ಟ ಉಡುಗೊರೆಯನ್ನೇ ಸಂಶಯದಿಂದ ನೋಡುವಂತಾಗಬಾರದು.

ಈ ವಿಷಯದಲ್ಲಿ ಆಗಬೇಕಾದ ಕೆಲಸ ಬಹಳವಿದೆ. ಶಾಸನಸಂಪುಟಗಳಲ್ಲಿ ಚದುರಿರುವ ಸ್ತ್ರೀನಾಮಗಳನ್ನು ಶತಮಾನಕ್ರಮದಲ್ಲಿಯೂ ಪ್ರದೇಶಕ್ರಮದಲ್ಲಿಯೂ ವಿಂಗಡಿಸಬೇಕು. ಹಳೆಯ ಪ್ರಾಥಮಿಕ ಶಾಲೆಗಳ ದಾಖಲಾತಿ ಪುಸ್ತಕಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಉಳಿದಿವೆ. ಗೆದ್ದಲಿನ ಪಾಲಾಗುವ ಮೊದಲು ಅವುಗಳಲ್ಲಿರುವ ಹುಡುಗಿಯರ ಹೆಸರುಗಳನ್ನು ಪ್ರತಿಮಾಡಿಕೊಳ್ಳಬೇಕು. ಹೆಳವರ ವಂಶಾವಳಿಗಳನ್ನೂ, ಲಗ್ನಪತ್ರಿಕೆಗಳನ್ನೂ, 1969ರ ಕಾಯಿದೆಯಂತೆ ನಡೆದ ಜನನ ನೋಂದಣಿಯ ದಾಖಲೆಗಳನ್ನೂ ಇವುಗಳೊಡನೆ ಹೋಲಿಸಿದರೆ, ಅಬ್ಬೆಯು ಅಮ್ಮನಾಗಿ, ಅಮ್ಮನು ಕಳಚಿಬಿದ್ದು ಬರಿಯ ಆಕಾರವುಳಿದ ಕ್ರಮವು ಜಿಲ್ಲೆ ಜಿಲ್ಲೆಗೂ ಸ್ಪಷ್ಟವಾದೀತು. ಇತಿಹಾಸದ ವಿದ್ಯಾರ್ಥಿಗಳು ತಮ್ಮ ಊರಿನ ಒಂದೊಂದು ಶಾಲೆಯ ದಾಖಲೆಯನ್ನು ನೋಡಿದರೂ ಸಾಕು, ಅದು ಉಪಯುಕ್ತವಾದ ಸಂಶೋಧನೆಯಾಗುತ್ತದೆ.

ಅದರೊಡನೆ ಇನ್ನೊಂದು ಆಕರವನ್ನೂ ಮರೆಯಬಾರದು. ಹೆಸರನ್ನು ಹೊತ್ತ ಹೆಂಗಸರು ನಮ್ಮ ನಡುವೆಯೇ ಇದ್ದಾರೆ. ನಿಮಗೆ ಈ ಹೆಸರನ್ನು ಯಾರಿಟ್ಟರು, ಏಕೆ ಇಟ್ಟರು, ನಿಮಗೆ ಅದು ಒಪ್ಪಿಗೆಯಾಯಿತೇ ಎಂದು ಅವರನ್ನು ಕೇಳಬೇಕು. ಶಾಸ್ತ್ರಕಾರನೂ ಕೇಳದ, ಕವಿಯೂ ಕೇಳದ ಈ ಪ್ರಶ್ನೆಗೆ ಬರುವ ಉತ್ತರಗಳನ್ನು ಬರೆದಿಟ್ಟುಕೊಳ್ಳುವುದರಿಂದಲೇ ಹೆಣ್ಣುಹೆಸರಿನ ಚರಿತ್ರೆಯು ಹೆಣ್ಣಿನ ಚರಿತ್ರೆಯಾಗುವುದು ಸಾಧ್ಯ.